ತಲೆಕೆಳಗಾದ ಯೂರೋಪು

ಮೊನ್ನೆ ಬೆಳಿಗ್ಗೆ ಚಳಿ ತುಸು ಜೋರಾಗಿತ್ತೆಂದು ಈ ವರ್ಷಕ್ಕೆ ಮೊದಲ ಸಲ ಮನೆಯ ಹೀಟರು ಹಾಕಿದೆ. ಬೇಸಿಗೆಯುದ್ದಕ್ಕೂ ಒಳಗೆ ಕೂತಿದ್ದ ಧೂಳು ಸುಟ್ಟು, ಒಂದು ಥರದ ಒಣ ಬಿಸಿ ವಾಸನೆ ಹಜಾರಕ್ಕೆಲ್ಲ ಹರಡಿತು. ಬೇರೆಯವರಾದರೆ ಎದ್ದು ಕಿಟಕಿ ತೆಗೆಯುತ್ತಾರೆ. ನಾನು ಕುರ್ಚಿ ಎಳೆದುಕೊಂಡು ಅದರ ಪಕ್ಕಕ್ಕೇ ಹೋಗಿ ಕೂತೆ. ನನ್ನ ಮಟ್ಟಿಗೆ ಅದು ಧೂಳಿನ ವಾಸನೆಯಲ್ಲ, ಸ್ಲೈಡ್ ಪ್ರೊಜೆಕ್ಟರಿನ ವಾಸನೆ. ಇನ್ನೂ ಬಿಡಿಸಿ ಹೇಳಬೇಕೆಂದರೆ, ವಾಲ್ನಟ್ ಕ್ರೀಕಿನ ದೇಸಾಯಿ ಡಾಕ್ಟರ ಮನೆಯಲ್ಲಿ ಶನಿವಾರ ಸಂಜೆ ದೀಪ ಆರಿಸಿದ ಮೇಲೆ ಏಳುತ್ತಿದ್ದ ವಾಸನೆ.

ಸ್ಲೈಡು ಅಂದರೇನೆಂದು ಕೇಳುವ ವಯಸ್ಸಿನವರು ನೀವಾಗಿದ್ದರೆ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ರಟ್ಟಿನ ಚೌಕಟ್ಟು, ಅದರ ನಡುವೆ ಒಂದು ತುಂಡು ಫಿಲ್ಮು. ಇಂಥವನ್ನು ಒಂದು ದುಂಡು ತಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿ ಪ್ರೊಜೆಕ್ಟರಿನ ಮೇಲೆ ಕೂರಿಸಿದರೆ, ಗುಂಡಿ ಒತ್ತಿದಾಗೊಮ್ಮೆ ಖಟಕ್ಕೆಂದು ಒಂದು ಕೆಳಗಿಳಿದು ಎದುರಿನ ಗೋಡೆಯ ಮೇಲೆ ಆನೆಗಾತ್ರಕ್ಕೆ ಬೆಳೆಯುತ್ತಿತ್ತು. ಎಂಬತ್ತರ ದಶಕದಲ್ಲಿ ಬೇ ಏರಿಯಾದ ಕನ್ನಡದವರ ಸಿನಿಮಾ, ನಾಟಕ, ಹರಿಕಥೆ ಎಲ್ಲ ಅದೇ. ಯಾರೇ ಎಲ್ಲಿಗೆ ಹೋಗಿ ಬರಲಿ, ತಿಂಗಳೊಳಗೆ ಒಂದು ಶನಿವಾರ ಎಲ್ಲರನ್ನೂ ಊಟಕ್ಕೆ ಕರೆದು ಸ್ಲೈಡು ತೋರಿಸಬೇಕು. ಗೋಡೆಗೆ ಬಿಳಿ ಬೆಡ್‌ಶೀಟು. ಪ್ರೊಜೆಕ್ಟರಿನ ಪಕ್ಕದಲ್ಲಿ ಮನೆಯ ಯಜಮಾನ, ಕೈಯಲ್ಲಿ ವೈರಿನ ತುದಿಗಿರುವ ಗುಂಡಿ. ವಿವರಣೆಯೆಲ್ಲ ಅವನದೇ. ಯಜಮಾನಿ ಅಡುಗೆಮನೆಯಲ್ಲಿ, ಪೂರಿ ಕರಿಯುತ್ತ.

ಆ ಸ್ಲೈಡುಗಳಿಗೆ ಒಂದು ನಿಯಮವಿತ್ತು. ಯಾರೂ ಬರೆದಿಟ್ಟದ್ದಲ್ಲ, ಆದರೆ ಯಾರೂ ಮುರಿದದ್ದೂ ಇಲ್ಲ. ನೋಡಬೇಕಾದ ವಸ್ತುವಿನ ಮುಂದೆ ನಮ್ಮವರೊಬ್ಬರು ನಿಂತಿರಲೇಬೇಕು. ಯಾರೂ ನಿಂತಿರದಿದ್ದರೆ ಅದು ಕೆಟ್ಟುಹೋದ ಸ್ಲೈಡು. ನಾನಂತೂ ಗ್ರ್ಯಾಂಡ್ ಕ್ಯಾನಿಯನ್ನನ್ನು ಕಣ್ಣಾರೆ ನೋಡುವ ತನಕ ಅದು ದೇಸಾಯಿ ಡಾಕ್ಟರ ಎಡಗಿವಿಯಿಂದ ಶುರುವಾಗುತ್ತದೆಂದೇ ತಿಳಿದಿದ್ದೆ.

ಡಾಕ್ಟರು ಒಳ್ಳೆಯ ಮನುಷ್ಯರು, ಇದನ್ನು ಮೊದಲೇ ಹೇಳಿಬಿಡಬೇಕು. ಧಾರವಾಡದವರು, ಎತ್ತರದ ಆಳು, ಕೈಗುಣ ಚೆನ್ನಾಗಿತ್ತು. ನಮ್ಮಲ್ಲಿ ಯಾರಿಗೆ ಜ್ವರ ಬಂದರೂ ನಾವಿದ್ದ ಹೇವರ್ಡಿನ ತನಕ ತಾವೇ ಕಾರು ಓಡಿಸಿಕೊಂಡು ಬರುತ್ತಿದ್ದರು. ಆದರೆ ಆ ಗುಂಡಿ ಕೈಗೆ ಬಂದಿತೋ, ಮುಗಿಯಿತು. ಬೆಟ್ಟದ ಎತ್ತರ, ಸೇತುವೆಯ ಉದ್ದ, ಹೋಟೆಲಿನ ಹೆಸರು, ಆವತ್ತು ತಾವು ಮುಂಚೆ ಎದ್ದದ್ದರಿಂದ ಹೇಗೆ ಪಾರ್ಕಿಂಗು ಸಿಕ್ಕಿತು, ಒಂದನ್ನೂ ಬಿಡುತ್ತಿರಲಿಲ್ಲ. ಅವರ ಹೆಂಡತಿ ಕುಸುಮಾ ಒಳಗೆ ನನ್ನ ಜೊತೆ ಸೌತೆಕಾಯಿ ಹೆಚ್ಚುತ್ತ ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ನಮ್ಮ ಸ್ನೇಹ ಕುದುರಿದ್ದೇ ಆ ಸೌತೆಕಾಯಿಯ ಮೇಲೆ.

ಒಂದು ಸಂಜೆ ಹೊರಗೆ ಹಜಾರದಲ್ಲಿ ಯೋಸೆಮಿಟಿ ಕಣಿವೆಯ ಸ್ಲೈಡು ನಡೆಯುತ್ತಿತ್ತು. ಕುಸುಮಾ ಚಾಕು ಕೆಳಗಿಟ್ಟು ಕೇಳಿದಳು:

"ಯೋಸೆಮಿಟಿಗೆ ನಾನೂ ಹೋಗಿದ್ದೆ, ಹೌದಿಲ್ಲೋ?"

"ಹೋಗಿದ್ರಲ್ಲ. ನೀವೇ ಹೇಳಿದ್ರಿ."

"ಇವರು ಹೇಳೂದು ಕೇಳಿದ್ರ ನನಗ ಸಂಶಯ ಬರ್ತದ ನೋಡ್ರಿ, ಹೋಗಿದ್ನೋ ಇಲ್ಲೋ ಅಂತ. ಆ ಜಲಪಾತದ ಮುಂದ ನನಗ ಏನನಿಸ್ತು ಗೊತ್ತದೇನು? ಹೇಳಬೇಕಂತ ಬಾಯಿ ತಗದೆ. ಅಷ್ಟರಾಗ ಇವರು ಅದರ ಎತ್ತರ ಹೇಳಿದ್ರು. ಎತ್ತರ ಕೇಳಿದ ಮ್ಯಾಲೆ ಮತ್ತೇನು ಉಳೀತು?" ಚಾಕು ಮತ್ತೆ ಕೈಗೆತ್ತಿಕೊಂಡು ಅಂದಳು, "ಒಂದ ಊರಾದ್ರೂ ನಾನ ನೋಡಬೇಕು, ನೋಡಿ ಬಂದು ನಾನ ಹೇಳಬೇಕು. ನಡೀರಿ, ಇಬ್ಬರೂ ಹೋಗೂಣು."

"ಎಲ್ಲಿಗೆ?"

"ಯೂರೋಪಿಗೆ," ಅಂದಳು, ಕೊತ್ತಂಬರಿ ಸೊಪ್ಪು ತರಲು ಗ್ರೋಸರಿ ಅಂಗಡಿಗೆ ಹೋಗೋಣ ಎಂಬ ಧಾಟಿಯಲ್ಲಿ.

ನಾನು ನಕ್ಕೆ. ಅವಳು ನಗಲಿಲ್ಲ. ಮುಂದಿನ ಬೇಸಿಗೆಗೆ ನಾವು ಹೊರಟೇಬಿಟ್ಟೆವು.

ಇಷ್ಟು ಸಲೀಸಾಗಿ ಹೊರಟೆವೆಂದು ನೀವು ನಂಬಬಾರದು. ಆಗ ನಮ್ಮವರಲ್ಲಿ ರಜಾ ಅಂದರೆ ಊರಿನ ಸೊತ್ತು. ಎರಡು ಮೂರು ವರ್ಷ ಕೂಡಿಸಿ ಕೂಡಿಸಿ ಇಟ್ಟ ರಜೆಯನ್ನು ಬೆಂಗಳೂರಿಗೋ ಹುಬ್ಬಳ್ಳಿಗೋ ಒಯ್ದು ಸುರಿಯಬೇಕು. ನಾವಿಬ್ಬರೂ ಕೆಲಸದಲ್ಲಿದ್ದವರು, ಅವಳು ಒಂದು ಲ್ಯಾಬಿನಲ್ಲಿ, ನಾನು ಹೇವರ್ಡಿನ ಒಂದು ಗೋದಾಮಿನ ಆಫೀಸಿನಲ್ಲಿ. ರಜಾ ನಮ್ಮದೇ. ಆದರೂ ಸ್ಯಾನ್ ಹೋಸೆಯ ವಿಶಾಲಾಕ್ಷಮ್ಮ ಫೋನಿನಲ್ಲಿ ನನ್ನನ್ನು ಅರ್ಧ ಗಂಟೆ ಹಿಡಿದಿಟ್ಟರು. "ಊರಿಗೆ ಹೋಗೋ ರಜಾನ ಯಾರ್ದೋ ಊರಲ್ಲಿ ಕಳೀತೀರಾ? ಇಂಡಿಯಾಗೆ ಹೋಗೋವಾಗ ಫ್ರಾಂಕ್‌ಫರ್ಟ್ ಏರ್‌ಪೋರ್ಟಲ್ಲಿ ಕಾಲು ಚಾಚಿ ಕೂತ್ರೆ ಯೂರೋಪು ನೋಡಿದ ಹಾಗೇ ಆಯ್ತಲ್ಲ ಕಣ್ರೀ! ಅದೂ ಗಂಡಂದಿರನ್ನ ಬಿಟ್ಟು? ಅವರ ಊಟಕ್ಕೇನ್ ಗತಿ?"

ನಮ್ಮೆಜಮಾನರು ರೆಡ್‌ವುಡ್ ಸಿಟಿಯಲ್ಲಿ ಎಂಜಿನಿಯರು, ಮಾತು ಕಮ್ಮಿ. ಪೇಪರಿನಿಂದ ತಲೆ ಎತ್ತದೆ, "ಹೋಗ್ಬಾ. ನಾನೂ ಮಗೂನೂ ಪಿಜ್ಜಾ ತಿಂದ್ಕೊಂಡಿರ್ತೀವಿ. ಕೆಟ್ಟುಹೋಗಲ್ಲ, ಸ್ವಲ್ಪ ದಪ್ಪ ಆಗ್ತೀವಿ ಅಷ್ಟೆ," ಅಂದರು.

ದೇಸಾಯಿ ಡಾಕ್ಟರೂ ಬೇಡವೆನ್ನಲಿಲ್ಲ. ಅದಕ್ಕಿಂತ ಕಷ್ಟದ ಕೆಲಸ ಮಾಡಿದರು, ಸಹಾಯಕ್ಕೆ ನಿಂತರು. ಯೂರೋಪಿನ ದೊಡ್ಡ ನಕಾಶೆ ತಂದು, ಕೆಂಪು ಪೆನ್ಸಿಲಿನಿಂದ ಆಮ್‌ಸ್ಟರ್‌ಡಾಮಿನಿಂದ ಪ್ಯಾರಿಸ್ಸಿನವರೆಗೆ ಗೆರೆ ಎಳೆದು, ಯಾವ ಊರಿನಲ್ಲಿ ಅರ್ಧ ದಿನ, ಯಾವುದರಲ್ಲಿ ಇಡೀ ದಿನ ಎಂದು ಗುರುತು ಹಾಕಿದರು. ಕ್ಯಾಮೆರಾ ಹೆಂಡತಿಯ ಕೊರಳಿಗೆ ತಾವೇ ಹಾಕಿ ಹೇಳಿದರು: "ಪ್ರತಿ ಊರಾಗೂ ಮುಂದ ನಿಂತು ಫೋಟೋ ತಗೀರಿ. ಇಲ್ಲಾಂದ್ರ ಹೋಗಿದ್ರೀ ಅಂತ ಯಾರು ನಂಬ್ತಾರ?"

"ನಾವೇನ್ ಕೋರ್ಟಿಗೆ ಸಾಕ್ಷಿ ಹೇಳ್ಲಿಕ್ಕೆ ಹೊಂಟೇವೇನ್ರೀ?" ಅಂದಳು ಕುಸುಮಾ. ಆದರೂ ನಕಾಶೆ ತೆಗೆದುಕೊಂಡಳು.

ಮೊದಲ ವಾರ ಆ ಕೆಂಪು ಗೆರೆ ನಮ್ಮನ್ನು ಓಡಿಸಿತು. ಸೀರೆ, ಅದರ ಕೆಳಗೆ ಟೆನ್ನಿಸ್ ಶೂಸು, ಬೆನ್ನ ಮೇಲೆ ಮಕ್ಕಳ ಸ್ಕೂಲ್ ಬ್ಯಾಗು, ಬ್ಯಾಗಿನೊಳಗೆ ಹಚ್ಚಿದ ಅವಲಕ್ಕಿ ಮತ್ತು ಚಟ್ನಿಪುಡಿ. ಕಾಲುವೆಯ ಮುಂದೆ ನಾನು ನಿಂತೆ, ಅವಳು ಕ್ಲಿಕ್ಕಿಸಿದಳು. ಚರ್ಚಿನ ಮುಂದೆ ಅವಳು ನಿಂತಳು, ನಾನು ಕ್ಲಿಕ್ಕಿಸಿದೆ. ಅಷ್ಟರಲ್ಲಿ ರೈಲಿಗೆ ಹೊತ್ತಾಗಿರುತ್ತಿತ್ತು. ರೈಲಿನಲ್ಲಿ ಮಾತ್ರ ಯಾರದೂ ಅಪ್ಪಣೆ ಇರಲಿಲ್ಲ. ನಮ್ಮಿಬ್ಬರ ನಡುವಿನ ಬಹುವಚನವೂ ಅಲ್ಲೇ ಬಿದ್ದುಹೋಯಿತು. ನದಿಯ ಎರಡೂ ದಂಡೆಗೆ ದ್ರಾಕ್ಷಿ ತೋಟಗಳು ಬಾಚಣಿಗೆಯಲ್ಲಿ ಬಾಚಿದಂತೆ ಗುಡ್ಡ ಹತ್ತಿ ಹೋಗಿದ್ದವು. ಮುಂದೆ ಹಿಮದ ಬೆಟ್ಟಗಳು ಬಂದವು. ಕುಸುಮಾ ಕಿಟಕಿಗೆ ಹಣೆ ಒತ್ತಿಕೊಂಡು ಕೂತವಳು ಕದಲಲಿಲ್ಲ. ನಾನು ಅವಲಕ್ಕಿ ತಿಂದೆ. ಸೌಂದರ್ಯ ಕಂಡರೆ ನನಗೆ ಹಸಿವಾಗುತ್ತದೆ, ಏನು ಮಾಡಲಿ.

ಹೋದಲ್ಲೆಲ್ಲ ಪ್ರವಾಸಿಗಳು ನಮ್ಮ ಸೀರೆ ನೋಡಿ ಕ್ಯಾಮೆರಾ ಎತ್ತುತ್ತಿದ್ದರು. ಒಬ್ಬ ಮಹಾಶಯನಂತೂ ನಮ್ಮಿಬ್ಬರನ್ನು ಒಂದು ಕಾರಂಜಿಯ ಪಕ್ಕಕ್ಕೆ ಸರಿದು ನಿಲ್ಲಿರೆಂದು ಕೈಸನ್ನೆ ಮಾಡಿದ. ಕುಸುಮಾ ಅಚ್ಚ ಧಾರವಾಡದ ಕನ್ನಡದಲ್ಲೇ ಅವನಿಗೆ ಹೇಳಿದಳು: "ನಾವು ನೋಡ್ಲಿಕ್ಕೆ ಬಂದೇವಿ ತಮ್ಮಾ, ನೋಡಿಸ್ಕೊಳ್ಳಿಕ್ಕಲ್ಲ." ಅವನಿಗೆ ಪೂರ್ತಿ ಅರ್ಥವಾಯಿತು.

ಫ್ಲಾರೆನ್ಸಿಗೆ ಕೆಂಪು ಪೆನ್ಸಿಲು ಕೊಟ್ಟದ್ದು ಒಂದು ದಿನ. ಬೆಳಿಗ್ಗೆ ಒಂದು ದೊಡ್ಡ ಗ್ಯಾಲರಿ ನೋಡಿದೆವು. ನಾನು ನೋಡಿದೆ ಅನ್ನುವುದು ಪೂರ್ತಿ ನಿಜವಲ್ಲ. ಯುದ್ಧದ ಚಿತ್ರವೊಂದರ ಎದುರಿನ ಬೆಂಚಿನ ಮೇಲೆ ಕಾಲು ನೋವಿಗೆಂದು ಕೂತವಳು ಹಾಗೇ ನಿದ್ದೆಹೋದೆ. ಅಷ್ಟು ಕುದುರೆಗಳ ನಡುವೆ ಅಷ್ಟು ಸುಖವಾದ ನಿದ್ದೆ ನನಗೆ ಮತ್ತೆ ಬಂದಿಲ್ಲ. ಎಬ್ಬಿಸಿದ ಕುಸುಮಾ, ಇನ್ನೊಂದೇ ಜಾಗ ನೋಡೋಣವೆಂದು ಹಳೆಯ ಸನ್ಯಾಸಿಗಳ ಮಠವೊಂದಕ್ಕೆ ಕರೆದುಕೊಂಡು ಹೋದಳು. ಸನ್ಯಾಸಿಗಳು ಬಹಳ ಕಾಲದಿಂದ ಅಲ್ಲಿಲ್ಲ, ಈಗ ಅದು ನೋಡುವ ಜಾಗ.

ಮೆಟ್ಟಿಲು ಹತ್ತಿ ತಲೆ ಎತ್ತಿದರೆ ಎದುರಿಗೇ ಗೋಡೆಯ ಮೇಲೆ ಒಂದು ಚಿತ್ರ. ಒಬ್ಬ ದೇವದೂತ ಮಂಡಿ ಬಗ್ಗಿಸಿ ಏನೋ ಸುದ್ದಿ ಹೇಳುತ್ತಿದ್ದಾನೆ. ಎದುರಿಗೆ ಒಂದು ಸಾದಾ ಸ್ಟೂಲಿನ ಮೇಲೆ ಒಬ್ಬ ಹುಡುಗಿ, ಎರಡೂ ಕೈ ಹೊಟ್ಟೆಯ ಮೇಲೆ ಮಡಚಿಕೊಂಡು ಕೇಳಿಸಿಕೊಳ್ಳುತ್ತಿದ್ದಾಳೆ. ಅಷ್ಟೇ. ಬಂಗಾರವಿಲ್ಲ, ಗುಂಪಿಲ್ಲ. ದೇವದೂತನ ರೆಕ್ಕೆ ಮಾತ್ರ ಪಟ್ಟೆ ಪಟ್ಟೆಯಾಗಿ ಬಣ್ಣ ಬಣ್ಣ.

"ಅಯ್ಯ, ಇವ ನಮ್ಮವ್ವನ ಇಳಕಲ್ ಸೀರಿ ಸೆರಗು ಕಟಗೊಂಡು ಬಂದಾನಲ್ಲ!" ಅಂದಳು ಕುಸುಮಾ.

ಆಮೇಲೆ ಉದ್ದಕ್ಕೂ ಚಿಕ್ಕ ಚಿಕ್ಕ ಕೋಣೆಗಳು. ಒಬ್ಬೊಬ್ಬ ಸನ್ಯಾಸಿಗೆ ಒಂದೊಂದು. ಪ್ರತಿ ಕೋಣೆಯಲ್ಲೂ ಒಂದು ಪುಟ್ಟ ಕಿಟಕಿ, ಗೋಡೆಯ ಮೇಲೆ ಒಂದೇ ಒಂದು ಚಿತ್ರ. ಕುಸುಮಾ ಒಂದು ಕೋಣೆಯ ಬಾಗಿಲಲ್ಲಿ ನಿಂತು, ಒಳಗೆ ಬೀಳುವ ಬೆಳಕು ನೋಡುತ್ತ, ಮೆಲ್ಲಗೆ ಹೇಳಿದಳು: "ಒಬ್ಬಗ ಒಂದು ಖೋಲಿ, ಒಂದು ಖಿಡಕಿ, ಒಂದು ಚಿತ್ರ. ಆಯುಷ್ಯ ಇರೂತನಕ ಅದನ್ನ ನೋಡ್ಕೋತ ಕೂಡೂದು. ಮಗ್ಗಲಿಗೆ ನಿಂತು ಅದು ಏನು, ಎಷ್ಟು ಎತ್ತರ ಅಂತ ಹೇಳವ್ರು ಯಾರೂ ಇಲ್ಲ."

ನಾನು ಅಭ್ಯಾಸಬಲದಿಂದ ಆ ಕಿಟಕಿಯ ಮುಂದೆ ಹೋಗಿ, ಸೆರಗು ಸರಿಮಾಡಿಕೊಂಡು, ಹಲ್ಲು ಬಿಟ್ಟು ನಿಂತೆ. ಅವಳು ಕ್ಯಾಮೆರಾ ಎತ್ತಿದಳು, ಇಳಿಸಿದಳು.

"ನೀ ಆ ಕಡೆ ಸರೀ," ಅಂದಳು. "ಬೆಳಕಿಗೆ ಅಡ್ಡ ಬಂದೀ."

ಸರಿದೆ. ಸ್ವಲ್ಪ ಅವಮಾನವಾಯಿತು ಎಂದೂ ಹೇಳಿಬಿಡುತ್ತೇನೆ. ಆದರೆ ಪಕ್ಕಕ್ಕೆ ಸರಿದು ನಿಂತ ಮೇಲೆ ಆ ಬೆಳಕು ನನಗೂ ಕಾಣಿಸಿತು.

ಮರುದಿನ ವೆನಿಸ್ಸಿಗೆ ರೈಲು. ಕುಸುಮಾ ಹಾಸಿಗೆಯಿಂದ ಏಳುವ ಲಕ್ಷಣವೇ ಇಲ್ಲ.

"ವೆನಿಸ್ಸು?" ಅಂದೆ.

"ನೀರಾಗ ನಿಂತದ. ಎಲ್ಲಿಗೂ ಹೋಗೂದಿಲ್ಲ."

"ಪ್ಯಾರಿಸ್ಸು? ಐಫೆಲ್ ಟವರು?"

"ಕಬ್ಬಿಣದ್ದು. ಅದೂ ಎಲ್ಲಿಗೂ ಹೋಗೂದಿಲ್ಲ. ನಾ ಇವತ್ತ ಮತ್ತ ಆ ಮಠಕ್ಕ ಹೋಗಾಕಿ. ನಾಳೆನೂ ಹೋಗಾಕಿ. ನೀ ಬೇಕಾದ್ರ ಹೋಗಿ ಬಾ, ನಿನ್ನ ನಕಾಶಿ ನಿನ್ನ ಕೂಡ ಅದ."

ನನ್ನ ನಕಾಶೆಯೇನಲ್ಲ ಅದು! ಆದರೂ ನಾನು ಹೋಗಲಿಲ್ಲ. ಉಳಿದ ದಿನವೆಲ್ಲ ಆ ಒಂದೇ ಊರಿನಲ್ಲಿ ಕಳೆದೆವು. ಬೆಳಿಗ್ಗೆ ಮಠ, ಮಧ್ಯಾಹ್ನ ಟೊಮೆಟೊ ಹಾಕಿದ ಬ್ರೆಡ್ಡು, ಸಂಜೆ ಹೊಳೆಯಾಚೆಗಿನ ಗುಡ್ಡ ಹತ್ತಿ ಕೆಂಪು ಹೆಂಚಿನ ಊರು ನೇರಳೆಯಾಗುವುದನ್ನು ನೋಡುವುದು. ಒಂದೇ ಚಿತ್ರವನ್ನು ದಿನಾ ನೋಡಿದರೆ ಬೇಜಾರಾಗುವುದಿಲ್ಲವೇ ಅಂದರೆ, ದಿನಾ ಬೇರೆ ಕಾಣುತ್ತಿತ್ತು. ಒಂದು ದಿನ ಆ ಹುಡುಗಿ ಹೆದರಿದ ಹಾಗಿದ್ದಳು. ಇನ್ನೊಂದು ದಿನ, ಈ ದೇವದೂತ ಮಾತು ಮುಗಿಸಿದರೆ ತಾನು ಸ್ವಲ್ಪ ಮಾತಾಡಬಹುದೇನೋ ಎಂದು ಕಾಯುತ್ತಿರುವ ಹಾಗಿದ್ದಳು. ಇದು ಕುಸುಮಾ ಕಂಡದ್ದು, ನನ್ನದಲ್ಲ.

ಡಾಕ್ಟರು ಫೋನಿನಲ್ಲಿ, "ವೆನಿಸ್ ಹ್ಯಾಂಗದ?" ಎಂದು ಕೇಳಿದರಂತೆ. "ಭಾಳ ಛಲೋ ಇರಬೇಕು," ಅಂದಳಂತೆ ಇವಳು. ಸುಳ್ಳೆಲ್ಲಿದೆ ಅದರಲ್ಲಿ?

ಪ್ಯಾರಿಸ್ಸಿನಲ್ಲಿ ವಿಮಾನ ಹತ್ತುವ ಮುಂಚೆ ಒಂದು ಮಧ್ಯಾಹ್ನ ಸಿಕ್ಕಿತು. ನದಿಯ ಪಕ್ಕದ ಕಟ್ಟೆಯ ಮೇಲೆ ಕೂತು ಉದ್ದನೆಯ ಬ್ರೆಡ್ಡಿಗೆ ಉಳಿದ ಚಟ್ನಿಪುಡಿ ಹಚ್ಚಿ ತಿಂದೆವು. ಐಫೆಲ್ ಟವರಿಗೆ ಬೇಕೆಂದೇ ಬೆನ್ನು ಹಾಕಿ ಕೂತಿದ್ದೆವೆಂದು ಬೇ ಏರಿಯಾದಲ್ಲಿ ಆಮೇಲೆ ಸುದ್ದಿಯಾಯಿತು. ಅದು ನಿಜವಲ್ಲ. ಆದರೆ ಒಳ್ಳೆಯ ಸುದ್ದಿ, ಹಾಗಾಗಿ ನಾನು ತಿದ್ದಲು ಹೋಗಲಿಲ್ಲ.

ಇನ್ನು ಆ ಶನಿವಾರ. ವಾಲ್ನಟ್ ಕ್ರೀಕಿನ ಹಜಾರದ ತುಂಬ ಜನ, ಕಾರ್ಪೆಟ್ಟಿನ ತುಂಬ ಮಕ್ಕಳು. ಪ್ರೊಜೆಕ್ಟರಿನ ಪಕ್ಕದಲ್ಲಿ ಕುಸುಮಾ ನಿಲ್ಲುವುದೆಂದು ಮೊದಲೇ ಮಾತಾಗಿತ್ತು. ಡಾಕ್ಟರು ಒಪ್ಪಿದ್ದರು. ಪೂರಿ ಬೇಡ, ಎಲ್ಲರಿಗೂ ಚೂಡಾ ಸಾಕೆಂದು ಅವಳು ಖಡಾಖಂಡಿತ ಹೇಳಿದ್ದಳು. ಆ ಮನೆಯಲ್ಲಿ ಅಡುಗೆಮನೆ ಖಾಲಿಯಿದ್ದ ಮೊದಲ ಸ್ಲೈಡ್ ಶೋ ಅದು. ದೀಪ ಆರಿತು. ಖಟಕ್. ಆಮ್‌ಸ್ಟರ್‌ಡಾಮಿನ ಕಾಲುವೆ, ಮುಂದೆ ನಾನು. ಖಟಕ್. ಚರ್ಚು, ಮುಂದೆ ಕುಸುಮಾ. ಖಟಕ್, ಖಟಕ್, ಹಿಮದ ಬೆಟ್ಟ, ಮುಂದೆ ನಾನು, ಬಾಯಲ್ಲಿ ಅವಲಕ್ಕಿ. ಖಟಕ್. ಬಿಳಿ. ಬರೀ ಬಿಳಿ ಬೆಡ್‌ಶೀಟು.

"ಮುಗೀತೇನು?" ಅಂದರು ವಿಶಾಲಾಕ್ಷಮ್ಮ.

"ಫ್ಲಾರೆನ್ಸೆಲ್ಲಿ?" ಅಂದಳು ಕುಸುಮಾ.

ಕತ್ತಲಲ್ಲಿ ಡಾಕ್ಟರ ದನಿ ಬಂತು, ತೀರಾ ಅಕ್ಕರೆಯ ದನಿ. "ನಿನ್ನೆ ನಾನ ಕೂತು ಎಲ್ಲಾ ಆರಿಸಿ ಜೋಡಿಸೀನಿ. ಆಮ್ಯಾಲಿನ್ವು ಕೆಟ್ಟಿದ್ವು ಕುಸುಮಾ, ಶೂ ಡಬ್ಬಿಯೊಳಗ ತಗದಿಟ್ಟೀನಿ. ಒಂದರಾಗೂ ಒಬ್ಬ ಮನುಷ್ಯಾ ಇರಲಿಲ್ಲ. ಬರೇ ಗ್ವಾಡಿ, ಖಿಡಕಿ. ವೆನಿಸ್ಸು ಪ್ಯಾರಿಸ್ಸು ನಾ ಬಾಯಿಲೆ ಹೇಳ್ತೀನಿ, ಎನ್‌ಸೈಕ್ಲೋಪೀಡಿಯಾ ಓದೀನಿ." ಅಂದವರು ಗುಂಡಿಗೆ ಕೈ ಚಾಚಿದರು.

ಯಾರೂ ಕೇಡು ಬಯಸಿ ಮಾಡಿದ್ದಲ್ಲ ಅದು. ನಮ್ಮ ಜನ ಯಾರೇ ಆಗಿದ್ದರೂ ಹಾಗೇ ಮಾಡುತ್ತಿದ್ದರು. ಅದಕ್ಕೇ ಅದನ್ನು ತಡೆಯುವುದು ಅಷ್ಟು ಕಷ್ಟ. ಕುಸುಮಾ ಆಗ ಸುಮ್ಮನಿದ್ದಿದ್ದರೆ ಯೂರೋಪೂ ಯೋಸೆಮಿಟಿಯ ಹಾಗೇ ಆಗಿಬಿಡುತ್ತಿತ್ತು. ಹೋಗಿದ್ದೆವೋ ಇಲ್ಲವೋ ಎಂದು ನಾವಿಬ್ಬರೂ ಜೀವಮಾನವಿಡೀ ಸೌತೆಕಾಯಿ ಹೆಚ್ಚುತ್ತ ಕೇಳಿಕೊಳ್ಳಬೇಕಾಗುತ್ತಿತ್ತು.

ಅವಳು ಗುಂಡಿ ಬಿಡಲಿಲ್ಲ. "ದೀಪಾ ಹಚ್ಚು," ಅಂದಳು ನನಗೆ. ಹಚ್ಚಿದೆ. ಗುಂಡಿ ನನ್ನ ಕೈಗಿಟ್ಟು, ಒಳಗೆ ಹೋಗಿ ಆ ಶೂ ಡಬ್ಬಿ ತಂದಳು. ಇಡೀ ಸಭೆಯ ಕಣ್ಣೆದುರು ದುಂಡು ತಟ್ಟೆಯಿಂದ ನನ್ನನ್ನೂ ತನ್ನನ್ನೂ ಒಂದೊಂದಾಗಿ ಕಿತ್ತು ತೆಗೆದಳು. ಡಬ್ಬಿಯೊಳಗಿನದನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ನೆಟ್ಟಗೆ ನಿಲ್ಲಿಸಿದಳು. ಚೂಡಾ ಅಗಿಯುವ ಸದ್ದು ಕೂಡ ನಿಂತಿತ್ತು.

ದೀಪ ಆರಿತು. ಖಟಕ್. ದೇವದೂತ ಗೋಡೆಯ ಮೇಲೆ ಮೂಡಿದ. ಕಾಲು ಮೇಲೆ, ತಲೆ ಕೆಳಗೆ.

ಪ್ರೊಜೆಕ್ಟರಿನ ಒಳಗುಟ್ಟು ನಿಮಗೆ ಗೊತ್ತಿರಲಾರದು. ಅದರಲ್ಲಿ ಸ್ಲೈಡನ್ನು ತಲೆಕೆಳಗಾಗಿ ಇಟ್ಟರೆ ಮಾತ್ರ ಗೋಡೆಯ ಮೇಲೆ ನೆಟ್ಟಗೆ ಕಾಣುತ್ತದೆ. ಹೆಂಗಸರಾದ ನಮಗೆ ಅದನ್ನು ಮುಟ್ಟಲು ಬಿಟ್ಟವರಾದರೂ ಯಾರು, ತಿಳಿಯಲು?

"ಉಲ್ಟಾ ಆಗ್ಯದ!" ಅಂದರು ಡಾಕ್ಟರು. ದನಿಯಲ್ಲಿ ಗೆಲುವು ಬೇರೆ. "ಅದಕ್ಕ ಹೇಳೀನಿ, ಕೊಡಿಲ್ಲೆ, ನಾ ಜೋಡಿಸ್ತೀನಿ."

"ಮುಟ್ಟಬ್ಯಾಡ್ರಿ," ಅಂದಳು ಕುಸುಮಾ. "ನಾ ಇಟ್ಟೀನಿ, ಹಿಂಗ ಇರ್ತದ. ನಿಮಗ ನೆಟ್ಟಗ ಕಾಣಬೇಕಂದ್ರ ನಿಮ್ಮ ತಲೀ ಹೊಳ್ಳಿಸಿ ನೋಡ್ರಿ."

ಮೊದಲು ಅವಳ ಮಾತು ಕೇಳಿದ್ದು ಮಕ್ಕಳು. ಗೋಡೆಯ ಕಡೆಗೆ ತಲೆ ಹಾಕಿ ಕಾರ್ಪೆಟ್ಟಿನ ಮೇಲೆ ಅಂಗಾತ ಮಲಗಿ, "ಹೇ, ಇಟ್ ವರ್ಕ್ಸ್!" ಎಂದು ಕಿರುಚಿದವು. ಆಮೇಲೆ ನಮ್ಮೆಜಮಾನರು ಒಂದು ಮಾತೂ ಆಡದೆ, ಕನ್ನಡಕ ಸರಿಮಾಡಿಕೊಂಡು, ಮಗನ ಪಕ್ಕ ಮಲಗಿದರು. ಕೊನೆಗೆ ವಿಶಾಲಾಕ್ಷಮ್ಮ, "ಸೊಂಟ ಹಿಡ್ಕೊಂಡ್ರೆ ನೀವೇ ಎಬ್ಬಿಸ್ಬೇಕು ಕಣ್ರೀ," ಎನ್ನುತ್ತ ಕಾಂಜೀವರಂ ಸೀರೆಯ ಸಮೇತ ಒರಗಿದರು. ನೋಡನೋಡುತ್ತ ಅರ್ಧ ಬೇ ಏರಿಯಾ ನೆಲಕ್ಕೆ ಬಿದ್ದಿತ್ತು.

ಕುಸುಮಾ ನಿಂತು ಹೇಳಿದಳು. ಎತ್ತರ ಹೇಳಲಿಲ್ಲ, ಇಸವಿ ಹೇಳಲಿಲ್ಲ. ಅವ್ವನ ಸೆರಗಿನ ಬಗ್ಗೆ ಹೇಳಿದಳು. ಕೈ ಮಡಚಿಕೊಂಡು ತನ್ನ ಸರದಿ ಕಾಯುವ ಹುಡುಗಿಯ ಬಗ್ಗೆ ಹೇಳಿದಳು. ಒಂದು ಕೋಣೆ, ಒಂದು ಕಿಟಕಿ. ತಡವರಿಸಿದಳು, ಮತ್ತೆ ಹಿಂದಕ್ಕೆ ಹೋದಳು, ಒಂದೇ ಕಿಟಕಿಯನ್ನು ಬಹಳ ಹೊತ್ತು ಗೋಡೆಯ ಮೇಲೆ ಬಿಟ್ಟಳು. ಡಾಕ್ಟರು ಗೋಡೆಗೊರಗಿ ನಿಂತೇ ಇದ್ದರು. ಮಲಗಲಿಲ್ಲ. ನಡುವೆ ಒಳಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿದರು. ಕುಡಿಯುವ ಹಾಗಿರಲಿಲ್ಲ, ಎಲ್ಲರೂ ಕುಡಿದೆವು.

ಜನ ಹೋದ ಮೇಲೆ ನಾನು ಬೆಡ್‌ಶೀಟು ಬಿಚ್ಚಲು ಕುರ್ಚಿ ಹತ್ತಿದ್ದೆ. ಡಾಕ್ಟರು ಬಂದು, "ಅದನ್ನ ಇನ್ನೊಂದ್ಸಲ್ಪ ಹೊತ್ತು ಇರ್ಲಿ ಬಿಡ್ರಿ ವೈನಿ," ಅಂದರು. ಆಮೇಲೆ ಹೆಂಡತಿಗೆ, "ಆ ರೆಕ್ಕೀದು ಇನ್ನೊಮ್ಮೆ ತೋರಸು," ಅಂದರು.

"ತೋರಸ್ತೀನಿ," ಅಂದಳು ಅವಳು. "ಆದ್ರ ನೀವು ಮಾತಾಡಬ್ಯಾಡ್ರಿ."

ಅವರು ಮಾತಾಡಲಿಲ್ಲ. ನಾನು ಕುರ್ಚಿಯಿಂದ ಇಳಿದು ಚಪ್ಪಲಿ ಹುಡುಕಿಕೊಂಡೆ.

ಅಂದು ಕಾರ್ಪೆಟ್ಟಿನ ಮೇಲೆ ಕಿರುಚಿದ ನನ್ನ ಮಗನಿಗೆ ಈಗ ತಲೆ ನರೆತಿದೆ. ಮೊನ್ನೆ ಸಂಜೆ ಅವನ ಸ್ನೇಹಿತರು ಊಟಕ್ಕೆ ಬಂದಿದ್ದರು. ಯಾರೋ ಪ್ಯಾರಿಸ್ಸಿನ ಮಾತೆತ್ತಿದರು. ಮಗ ನಗುತ್ತ, ಇಂಗ್ಲಿಷಿನಲ್ಲಿ, "ನಮ್ಮಮ್ಮ ಪ್ಯಾರಿಸ್ಸಿಗೆ ಹೋಗಿ ಐಫೆಲ್ ಟವರ್ ನೋಡದೇ ಬಂದೋರು," ಎಂದು ಶುರು ಮಾಡಿದ. ಅವನು ಈ ಕಥೆ ಚೆನ್ನಾಗಿ ಹೇಳುತ್ತಾನೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಗಿಸಬೇಕು ಎಲ್ಲ ಗೊತ್ತು. ಎಷ್ಟೋ ವರ್ಷದಿಂದ ಅವನೇ ಹೇಳುತ್ತಾನೆ, ನಾನು ಪಕ್ಕದಲ್ಲಿ ಕೂತು ತಲೆಯಾಡಿಸುತ್ತೇನೆ. ಅವನ ಕಥೆಯಲ್ಲಿ ಮಠವಿಲ್ಲ.

"ನಿಲ್ಸು," ಅಂದೆ.

ಅವನು ಬೆಚ್ಚಿದ. "ವಾಟ್, ಅಮ್ಮಾ?"

"ನೀನು ಹೋಗಿರ್ಲಿಲ್ಲ. ನಾನು ಹೋಗಿದ್ದೆ. ನಾನು ಹೇಳ್ತೀನಿ."

"ಓಕೆ, ಓಕೆ. ಬಟ್ ಸ್ವಲ್ಪ ಶಾರ್ಟಾಗಿ ಹೇಳಮ್ಮ, ಊಟ ತಣ್ಣಗಾಗತ್ತೆ."

"ಆಗ್ಲಿ ಬಿಡು," ಎಂದು, ಸ್ನೇಹಿತರ ಕಡೆ ಕುರ್ಚಿ ತಿರುಗಿಸಿಕೊಂಡು, ನನಗೆ ಬರುವ ಇಂಗ್ಲಿಷಿನಲ್ಲಿ, ಆ ಮಠದ ಮೆಟ್ಟಿಲುಗಳಿಂದ ಶುರು ಮಾಡಿದೆ.